ಸೋಮವಾರದ ಕಥೆ

ಹೈಟಿಯ ಪಕ್ಕದ ಡೊಮಿನಿಕನ್ ಸೀಮೆಯ ಕಬ್ಬಿನ ಊರಲ್ಲಿ ಎರ್ಮಿನಿಯಾ ಟೀಚರ್ ಆಯುಷ್ಯವಿಡೀ ಮಕ್ಕಳಿಗೆ ಕಥೆ ಓದಿದಳು. ಕಥೆ ಕೇಳಿದ ಮನಸ್ಸು ಮೆತ್ತಗಾಗುತ್ತದೆಂದು ನಂಬಿದ್ದಳು, ಪಾಪ. ಆ ಸೋಮವಾರ ಹೈಟಿಯ ಕೂಲಿಯವನ ಮಗಳನ್ನು ಲಾರಿಗೆ ತುಂಬಿ ಗಡಿಯಾಚೆ ದಬ್ಬುವ ಕಥೆ ಓದಿದಾಗ ಇಡೀ ತರಗತಿ ಬಿಕ್ಕಿ ಬಿಕ್ಕಿ ಅತ್ತಿತು.

ಗುರುವಾರ ಕಾಗದಪತ್ರವಿಲ್ಲದ ಹೈಟಿಯವರನ್ನು ಹಿಡಿದೊಯ್ಯುವ ಲಾರಿ ಶಾಲೆಗೇ ಬಂತು. ಕಬ್ಬು ಕಡಿಯುವ ಹೈಟಿಯವನ ಮಗಳು ವಿಡ್ಲಿನ್ ಓಡಿಬಂದು ಟೀಚರ ಮೇಜಿನಡಿ ಅವಿತಳು.

"ಹೈಟಿಯವ್ರು ಇಲ್ಲಿ ಯಾರೂ ಇಲ್ಲಪ್ಪ," ಎಂದಳು ಎರ್ಮಿನಿಯಾ, ಲಾರಿಯಿಂದಿಳಿದು ಒಳಬಂದ ಅಧಿಕಾರಿಗೆ.

"ಮೇಜಿನ ಕೆಳಗಿದಾಳೆ ನೋಡಿ ಸಾರ್," ಎಂದು ಮುಂದಿನ ಬೆಂಚಿನ ಯೊಕಾಸ್ತಾ ಬೆರಳು ತೋರಿಸಿದಳು. ಉಳಿದವರು ಕಿಸಕ್ಕನೆ ನಕ್ಕರು.

ವಿಡ್ಲಿನ್‌ಳನ್ನು ತುಂಬಿಕೊಂಡು ಲಾರಿ ಹೋಯಿತು. ಯೊಕಾಸ್ತಾ ಕೈಯೆತ್ತಿದಳು.

"ಟೀಚರ್, ಸೋಮವಾರದ ಕಥೆ ಇನ್ನೊಂದ್ಸಲ ಓದಿ. ಆ ಹುಡುಗೀನ ನೆನೆಸ್ಕೊಂಡ್ರೆ ಈಗ್ಲೂ ಅಳು ಬರುತ್ತೆ."