ಸೇತುವೆ ಇಳಿದ ಮೇಲೂ ಕೂತಿದ್ದವನು

ಖಾಲಿ ಬೀದಿಯ ಫೋಟೋ ತೆಗೆಯಲು ತುಂಬ ತಾಳ್ಮೆ ಬೇಕು. ಡಚ್ಚರ ಹಾರ್ಲೆಮ್‌ನಂಥ ಊರಿನಲ್ಲಂತೂ ಒಂದು ಹಳೆಯ ಮನೆಯ ಎದುರು ಕ್ಯಾಮೆರಾ ಹಿಡಿದು ನಿಂತರೆ, ಗುಂಡಿ ಒತ್ತುವ ಕ್ಷಣಕ್ಕೆ ಸರಿಯಾಗಿ ಒಂದು ಸೈಕಲ್ ಅಡ್ಡ ಬರುತ್ತದೆ. ಅದು ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು. ಅದರ ಮುಂದಿನ ಮರದ ಪೆಟ್ಟಿಗೆಯಲ್ಲಿ ಇಬ್ಬರು ಮಕ್ಕಳು, ಜೊತೆಗೊಂದು ನಾಯಿ. ಮಕ್ಕಳು ನನ್ನನ್ನು ಗಮನಿಸುವುದಿಲ್ಲ, ನಾಯಿ ಮಾತ್ರ ತಿರುವಿನಲ್ಲಿ ಮರೆಯಾಗುವವರೆಗೂ ನನ್ನನ್ನೇ ನೋಡಿಕೊಂಡು ಹೋಗುತ್ತದೆ. ಅವರೆಲ್ಲ ಹೋಗುವ ತನಕ ನಾನು ಕಾಯುತ್ತೇನೆ. ಇಷ್ಟು ತಾಳ್ಮೆ ನಿಮಗೆ ಎಲ್ಲಿಂದ ಬಂತು ಎಂದು ನನ್ನ ಹೆಂಡತಿ ಸುಧಾ ಕೇಳಬಹುದಿತ್ತು. ಮೈಸೂರಿನಲ್ಲಿ ಕುಕ್ಕರ್ ಮೂರನೇ ಸಲ ಕೂಗುವುದರೊಳಗೆ ತಟ್ಟೆ ಹಿಡಿದು ನಿಲ್ಲುತ್ತಿದ್ದವನು ನಾನು.

ನನ್ನ ಕಚೇರಿ ಇರುವುದು ಯುಟ್ರೆಕ್ಟ್‌ನಲ್ಲಿ, ಮನೆ ಹಾರ್ಲೆಮ್‌ನಲ್ಲಿ. ಇಷ್ಟು ದೂರ ಯಾಕೆ ಮನೆ ಮಾಡಿದಿರಿ ಎಂದು ಕಚೇರಿಯ ಕನ್ನಡದ ಹುಡುಗರು ಕೇಳಿದಾಗ, ನನಗೆ ಹಳೆಯ ಊರುಗಳೆಂದರೆ ಇಷ್ಟ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ಆಗ ಸಿಕ್ಕಿದ್ದು ಅದೊಂದೇ ಮನೆ. ಇಷ್ಟ ಆಮೇಲೆ ಹುಟ್ಟಿತು. ಒಂದು ವರ್ಷದ ಕೆಲಸವೆಂದು ಬಂದೆ. ಪ್ರಾಜೆಕ್ಟು ಮುಗಿಯಲಿಲ್ಲ, ಪರ್ಮಿಟ್ಟು ಮುಂದುವರಿಯಿತು. ಸುಧಾ ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿ. ನಿವೃತ್ತಿಗೆ ಇನ್ನು ಕೆಲವೇ ವರ್ಷ ಇರುವಾಗ ಬಿಟ್ಟು ಬರುವುದು ಬೇಡ ಎಂದು ಇಬ್ಬರೂ ಕೂತು ಮಾತಾಡಿಯೇ ನಿರ್ಧರಿಸಿದ್ದೆವು. ನಮಗೆ ಮಕ್ಕಳಿಲ್ಲ. ಆದ್ದರಿಂದ ಯಾರ ಓದು, ಯಾರ ಪರೀಕ್ಷೆ ಎಂಬ ತಾಪತ್ರಯವೂ ಇಲ್ಲ. ಅವಳು ಅಲ್ಲಿ, ನಾನು ಇಲ್ಲಿ. ಕಾಗದದ ಮೇಲೆ ತುಂಬ ಅನುಕೂಲವಾದ ಏರ್ಪಾಡು.

ವಾರದ ದಿನಗಳು ಹೇಗೋ ಹೋಗುತ್ತವೆ. ರೈಲಿನಲ್ಲಿ ಜನ ಇರುತ್ತಾರೆ, ಕಚೇರಿಯಲ್ಲಿ ಮೀಟಿಂಗ್ ಇರುತ್ತದೆ, ಕಾಫಿ ಯಂತ್ರದ ಹತ್ತಿರ ಹವಾಮಾನದ ಬಗ್ಗೆ ನಾಲ್ಕು ಮಾತು ಸಿಗುತ್ತದೆ. ಕಷ್ಟ ಶನಿವಾರದ್ದು. ಬಟ್ಟೆ ಒಗೆದು, ಅನ್ನ ಸಾರು ಮಾಡಿಟ್ಟು, ನೆಲ ಒರೆಸಿದ ಮೇಲೂ ಶನಿವಾರ ಇನ್ನೂ ಉಳಿದಿರುತ್ತದೆ. ಹಾಗೆ ಉಳಿದ ಶನಿವಾರವನ್ನು ಏನು ಮಾಡುವುದೆಂದು ತಿಳಿಯದೆ ಒಂದು ಕ್ಯಾಮೆರಾ ಕೊಂಡೆ. ಹಳೆಯ ಕಟ್ಟಡ, ಬಸ್ಸು, ಹಳದಿ ರೈಲು, ಕಾಲುವೆಯ ದೋಣಿ, ಸೇತುವೆ ಎಲ್ಲದರ ಫೋಟೋ ತೆಗೆಯತೊಡಗಿದೆ. ಕಟ್ಟಡಗಳಲ್ಲಿ ನನಗೆ ಹಿಡಿಸಿದ ದೊಡ್ಡ ಗುಣವೆಂದರೆ ಅವು ಡಚ್ ಭಾಷೆಯಲ್ಲಿ ಏನನ್ನೂ ಕೇಳುವುದಿಲ್ಲ.

ಕೇಳದಿದ್ದರೂ ಹೇಳುವುದು ಬೇಕಾದಷ್ಟಿದೆ. ಇಲ್ಲಿನ ಹಳೆಯ ಮನೆಗಳನ್ನು ನೋಡಿದರೆ ಕೆಲವು ಬೀದಿಯ ಕಡೆಗೆ ಸ್ವಲ್ಪ ಬಾಗಿ ನಿಂತಿವೆ. ಪಾಯ ಕುಸಿದಿರಬೇಕು ಎಂದು ಮೊದಲು ನಾನು ಮರುಕಪಟ್ಟಿದ್ದೆ. ಆಮೇಲೆ ಗೊತ್ತಾಯಿತು, ಎಷ್ಟೋ ಮನೆಗಳನ್ನು ಬೇಕೆಂದೇ ಹಾಗೆ ಕಟ್ಟಿದ್ದಾರೆ. ಒಳಗಿನ ಮೆಟ್ಟಿಲು ಏಣಿಯಷ್ಟು ಕಡಿದು, ಅಷ್ಟೇ ಇಕ್ಕಟ್ಟು. ಆದ್ದರಿಂದ ಸಾಮಾನನ್ನೆಲ್ಲ ಮನೆಯ ನೆತ್ತಿಯಲ್ಲಿರುವ ಕೊಕ್ಕೆಗೆ ಹಗ್ಗ ಹಾಕಿ ಹೊರಗಿನಿಂದಲೇ ಎಳೆದು ಕಿಟಕಿಯಲ್ಲಿ ಒಳಕ್ಕೆ ತೆಗೆದುಕೊಳ್ಳುತ್ತಿದ್ದರು. ಗೋಡೆ ನೆಟ್ಟಗಿದ್ದರೆ ಮಂಚವೋ ಬೀರುವೋ ಅದಕ್ಕೆ ತಗುಲಿ ಕೆರೆಯುತ್ತದೆ, ಬಾಗಿದ್ದರೆ ತಗುಲುವುದಿಲ್ಲ. ಇಷ್ಟೆಲ್ಲ ತಿಳಿದುಕೊಂಡೆನಲ್ಲ, ಅದನ್ನು ಹೇಳಲು ಪಕ್ಕದಲ್ಲಿ ಒಬ್ಬರೂ ಇರಲಿಲ್ಲ. ಒಂಟಿಯಾಗಿರುವವನಿಗೆ ಜ್ಞಾನ ಬಹಳ ಬೇಗ ಸಂಗ್ರಹವಾಗುತ್ತದೆ, ಖರ್ಚಾಗುವುದೇ ಇಲ್ಲ.

ಹಾಗಾಗಿ ಫೋಟೋಗಳನ್ನೆಲ್ಲ ಸುಧಾಳಿಗೆ ಕಳಿಸುತ್ತಿದ್ದೆ. ಅವಳು ಒಂದು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು, ಮೊಬೈಲಿನ ಹೆಬ್ಬೆರಳು. ದಿನವೂ ಫೋನಿನಲ್ಲಿ ಮಾತಾಡುತ್ತಿದ್ದೆವು. ಊಟ ಆಯಿತಾ, ಆಯಿತು. ಅಲ್ಲಿ ಚಳಿಯಾ, ಚಳಿ. ಚೆನ್ನಾಗಿದ್ದೀರಾ, ಚೆನ್ನಾಗಿದ್ದೀನಿ, ನೀನು? ನಾನೂ ಚೆನ್ನಾಗಿದ್ದೀನಿ. ಇಬ್ಬರೂ ಇಷ್ಟು ಚೆನ್ನಾಗಿರುವ ದಂಪತಿಯನ್ನು ನೀವು ನೋಡಿರಲಾರಿರಿ. ಒಂದು ದಿನ ಮಾತ್ರ, ಫೋನ್ ಇಡುವ ಮುಂಚೆ, ಅವಳು ಸುಮ್ಮನೆ ಎಂಬಂತೆ ಕೇಳಿದಳು.

“ಅಲ್ಲಾ ರೀ, ಆ ಊರಲ್ಲಿ ಜನಾನೇ ಇಲ್ವಾ?”

ಇದ್ದಾರೆ, ಅವರು ಅಡ್ಡ ಬರದ ಹಾಗೆ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಅವಳು ಹೌದಾ ಎಂದಳು.

ಫೋಟೋಗ್ರಫಿ ಶುರುವಾದ ಕಾಲದಲ್ಲಿ ದೊಡ್ಡ ದೊಡ್ಡ ಪೇಟೆಬೀದಿಗಳೂ ಫೋಟೋದಲ್ಲಿ ಖಾಲಿಯಾಗಿಯೇ ಕಾಣುತ್ತಿದ್ದವಂತೆ. ಆಗಿನ ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದುಕೊಂಡಿರಬೇಕಿತ್ತು. ನಡೆಯುವವರು, ಕುದುರೆ, ಗಾಡಿ ಯಾವುದೂ ಅದರ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಇಡೀ ಬೀದಿಯಲ್ಲಿ ಅಲ್ಲಾಡದೆ ನಿಂತಿದ್ದ ಯಾರೋ ಒಬ್ಬ ಮಾತ್ರ ಮೂಡುತ್ತಿದ್ದ. ಇದನ್ನೂ ಸುಧಾಳಿಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು, ಹಾಲು ಉಕ್ಕುತ್ತೆ, ಇಡ್ತೀನಿ ಎಂದಳು.

ಜನಾನೇ ಇಲ್ವಾ ಎಂಬ ಅವಳ ಮಾತು ಮನಸ್ಸಿನಲ್ಲಿ ಉಳಿದು, ಮುಂದಿನ ವಾರ ಜನರ ಫೋಟೋ ತೆಗೆಯೋಣವೆಂದು ಹೊರಟೆ. ಮಾರುಕಟ್ಟೆಯ ಚೌಕದಲ್ಲಿ ಮೀನು ಮಾರುವವನೊಬ್ಬನ ಕಡೆ ಕ್ಯಾಮೆರಾ ಎತ್ತಿದೆ. ಅವನು ಬೇಡ ಎಂದು ತಲೆಯಾಡಿಸಿದ. ಬಸ್ ಸ್ಟಾಪಿನಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರನ್ನು ಅನುಮತಿ ಕೇಳಿದೆ. ಅವರು ಬಹಳ ಸಭ್ಯವಾಗಿ, ಯಾಕೆ ಎಂದು ಕೇಳಿದರು. ನಾನು ಕ್ಯಾಮೆರಾದ ಪಟ್ಟಿ ಸರಿಮಾಡಿಕೊಂಡೆ. ಬಸ್ಸು ಬಂತು, ಅವರು ಹತ್ತಿ ಹೋದರು. ಬಸ್ಸಿನ ಫೋಟೋ ಚೆನ್ನಾಗಿ ಬಂತು.

ಮಳೆ ಹಿಡಿದಿದ್ದ ಒಂದು ಶನಿವಾರ ಊರಿನ ಲೈಬ್ರರಿಗೆ ಹೋದೆ. ಕಪಾಟುಗಳ ನಡುವಿನ ಗೋಡೆಯ ಮೇಲೆ ಸ್ಥಳೀಯ ಹವ್ಯಾಸಿಗಳ ಫೋಟೋ ಪ್ರದರ್ಶನವಿತ್ತು. ನಮ್ಮ ಕಸುಬಿನವರು ಎಂಬ ಸಲುಗೆಯಿಂದ, ಸ್ವಲ್ಪ ತಪ್ಪು ಹುಡುಕುವ ಉದ್ದೇಶದಿಂದಲೂ, ಒಂದೊಂದಾಗಿ ನೋಡುತ್ತಾ ಬಂದೆ. ಕೊನೆಯಲ್ಲಿ ಒಂದೇ ಚೌಕಟ್ಟಿನೊಳಗೆ ಪಕ್ಕಪಕ್ಕದಲ್ಲಿ ಎರಡು ಫೋಟೋ ಇದ್ದವು. ಮೊದಲನೆಯದರಲ್ಲಿ ನದಿಯ ಮೇಲಿನ ಹಳೆಯ ಸೇತುವೆ ದೋಣಿಗೆ ದಾರಿ ಬಿಡಲು ಮೇಲೆದ್ದಿದೆ. ಈಚೆ ದಡದಲ್ಲಿ ಸೈಕಲ್ ಹಿಡಿದ ಜನರ ಗುಂಪು, ಎಲ್ಲರ ಮುಖವೂ ದೋಣಿಯ ಕಡೆಗೆ. ಮೂಲೆಯ ಬೆಂಚಿನ ಮೇಲೆ ಒಬ್ಬ ಕೂತಿದ್ದಾನೆ. ಎರಡನೆಯದರಲ್ಲಿ ಸೇತುವೆ ಕೆಳಗಿಳಿದಿದೆ. ಗುಂಪು ಕರಗಿ ಹೋಗಿದೆ. ಬೆಂಚಿನ ಮೇಲಿದ್ದವನು ಹಾಗೆಯೇ ಇದ್ದಾನೆ.

ಅವನ ತಲೆಗೆ ಮಂಕಿ ಕ್ಯಾಪ್ ಇತ್ತು. ಇಡೀ ಹಾರ್ಲೆಮ್‌ನಲ್ಲಿ ಮಂಕಿ ಕ್ಯಾಪ್ ಹಾಕುವವನು ನಾನೊಬ್ಬನೇ ಎಂಬುದರಲ್ಲಿ ಅನುಮಾನವಿಲ್ಲ. ಮಡಿಲಲ್ಲಿ ಕ್ಯಾಮೆರಾ, ಕೈಯಲ್ಲಿ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಚಪಾತಿ. ತಿನ್ನುವುದನ್ನು ಅರ್ಧಕ್ಕೆ ಮರೆತವನ ಹಾಗೆ, ಯಾವ ಕಡೆಯೂ ನೋಡದೆ ಕೂತಿದ್ದೆ. ಫೋಟೋಗಳ ಕೆಳಗೆ ಡಚ್‌ನಲ್ಲಿ ಬರೆದಿದ್ದುದು ನನಗೂ ಓದಲು ಬಂತು: ‘ಸೇತುವೆ ತೆರೆದಿದೆ’, ‘ಸೇತುವೆ ಮುಚ್ಚಿದೆ’. ಇವರ ಭಾಷೆಯಲ್ಲಿ ಸೇತುವೆ ಮೇಲೆದ್ದರೆ ಅದು ತೆರೆಯಿತು ಎಂದು, ದೋಣಿಯವರ ಲೆಕ್ಕದಲ್ಲಿ. ಕೆಳಗಿಳಿದು ನಮಗೆ ದಾರಿಯಾದಾಗ ಮುಚ್ಚಿತು ಎನ್ನುತ್ತಾರೆ. ಬೇರೆ ದಿನವಾಗಿದ್ದರೆ ಈ ವಿಚಿತ್ರದ ಬಗ್ಗೆ ಖುಷಿಯಾಗಿ ಯೋಚಿಸುತ್ತಿದ್ದೆ. ಅವತ್ತು ಮುಖ ಬಿಸಿಯಾಯಿತು. ಕನ್ನಡಿಯಲ್ಲಿ ನಾನು ದಿನವೂ ನೋಡುವವನು ಕ್ಷೌರ ಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕಚೇರಿಗೆ ಹೊರಡುವವನು. ಇವನನ್ನು ನಾನು ನೋಡಿಯೇ ಇರಲಿಲ್ಲ.

ಪ್ರದರ್ಶನದ ಮೇಜಿನ ಹತ್ತಿರ ಕೂತಿದ್ದ ಬಿಳಿಗೂದಲಿನ ಹೆಂಗಸು ಎದ್ದು ಬಂದರು. ಅವರ ಹೆಸರು ಮರೈಕೆ, ನಿವೃತ್ತ ನರ್ಸ್, ಆ ಫೋಟೋ ತೆಗೆದವರು ಅವರೇ. ನನ್ನನ್ನೂ ಫೋಟೋವನ್ನೂ ಒಮ್ಮೆ ನೋಡಿ ಅವರ ಮುಖವೂ ಕೆಂಪಾಯಿತು. ಫೋಟೋ ತೆಗೆದ ಮೇಲೆ ನಿಮ್ಮನ್ನು ಕೇಳಬೇಕೆಂದು ಆ ಬೆಂಚಿನ ಹತ್ತಿರ ಎರಡು ಮೂರು ಸಲ ಬಂದಿದ್ದೆ, ನೀವು ಸಿಗಲಿಲ್ಲ, ಮುಖ ಸ್ಪಷ್ಟವಾಗಿಲ್ಲವಲ್ಲ ಎಂದು ಹಾಕಿಬಿಟ್ಟೆ, ತಪ್ಪಾಯಿತು, ಈಗಲೇ ಗೋಡೆಯಿಂದ ತೆಗೆಯುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಚೌಕಟ್ಟಿಗೆ ಕೈ ಹಾಕಿದರು. ತೆಗೆಯಿರಿ ಎನ್ನುವುದು ನನ್ನ ಬಾಯಿಯ ತುದಿಯಲ್ಲೇ ಇತ್ತು. ಬದಲಿಗೆ ಬಸ್ ಸ್ಟಾಪಿನ ಹಿರಿಯರು ನನ್ನನ್ನು ಕೇಳಿದ್ದನ್ನೇ ನಾನು ಅವರನ್ನು ಕೇಳಿದೆ. ನನ್ನ ಫೋಟೋ ಯಾಕೆ ತೆಗೆದಿರಿ?

ಅವರು ಚೌಕಟ್ಟಿನಿಂದ ಕೈ ತೆಗೆದರು. “ಉಳಿದವರೆಲ್ಲ ಸೇತುವೆ ಇಳಿಯಲಿ ಅಂತ ಕಾಯ್ತಾ ಇದ್ದರು. ನೀವು ಅದಕ್ಕೆ ಕಾಯ್ತಾ ಇರಲಿಲ್ಲ. ಮತ್ತೆ ಯಾವುದಕ್ಕೆ ಅಂತ ನನಗೆ ಅನ್ನಿಸ್ತು.”

ನಾನು ಮತ್ತೆ ಫೋಟೋದ ಕಡೆ ತಿರುಗಿದೆ. ಅವರು ಉತ್ತರಕ್ಕೆ ಒತ್ತಾಯಿಸಲಿಲ್ಲ. ನರ್ಸ್ ಆಗಿದ್ದವರಲ್ಲವೇ, ಎಲ್ಲಿ ನೋವು ಎಂದು ಕೇಳಿ ಸುಮ್ಮನಿರುವುದು ಅಭ್ಯಾಸವಿರಬೇಕು. ಫೋಟೋ ಅಲ್ಲೇ ಇರಲಿ, ನನಗೊಂದು ಪ್ರತಿ ಕಳಿಸಿ ಎಂದು ನಂಬರ್ ಕೊಟ್ಟು, ಮಳೆ ನಿಲ್ಲುವುದನ್ನೂ ಕಾಯದೆ ಮನೆಗೆ ಬಂದೆ.

ಫೋಟೋ ಅವತ್ತೇ ಮೊಬೈಲಿಗೆ ಬಂತು. ಅದನ್ನು ಸುಧಾಳಿಗೆ ಕಳಿಸುವುದೋ ಬೇಡವೋ ಎಂದು ಭಾನುವಾರವಿಡೀ ಒದ್ದಾಡಿದೆ. ಕಳಿಸಿದರೆ ದಿನವೂ ಹೇಳುತ್ತಿದ್ದ ಚೆನ್ನಾಗಿದ್ದೀನಿ ಎಂಬ ಮಾತಿನ ಗತಿಯೇನು? ಕೊನೆಗೆ, ಸಾರಿಗೆ ಒಗ್ಗರಣೆ ಹಾಕುವ ಹೊತ್ತಿನಲ್ಲಿ, ಕೈ ತಾನಾಗಿಯೇ ಮಾಡಿತು ಎಂಬಂತೆ ಕಳಿಸಿಬಿಟ್ಟೆ. ಮೊಬೈಲಿನ ಹೆಬ್ಬೆರಳು ಬರಲಿಲ್ಲ. ಸಾಸಿವೆ ಸೀದುಹೋಯಿತು. ಮತ್ತೊಮ್ಮೆ ಒಗ್ಗರಣೆಗೆ ಇಡುವಾಗ ಫೋನ್ ಬಂತು.

“ಇದು ನೀವೇನಾ?” ಎಂದಳು.

ನಾನೇ ಎಂದೆ. ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತೆ.

“ನೀವು ಕಳಿಸೋ ಫೋಟೋನೆಲ್ಲ ದೊಡ್ಡದು ಮಾಡಿ ಮಾಡಿ ನೋಡ್ತಿದ್ದೆ,” ಎಂದಳು. “ಯಾವುದಾದ್ರೂ ಕಿಟಕಿ ಗಾಜಲ್ಲಾದ್ರೂ ನಿಮ್ಮ ನೆರಳು ಬಿದ್ದಿರತ್ತೇನೋ ಅಂತ.”

ಇಷ್ಟು ದಿನ ಅವಳಿಗೆ ಕಳಿಸಲೆಂದು ಎಷ್ಟು ಜತನದಿಂದ ಬೀದಿಗಳನ್ನು ಖಾಲಿ ಮಾಡಿದ್ದೆ! ಶನಿವಾರ ತುಂಬ ಕಷ್ಟ ಸುಧಾ ಎಂದೆ. ಅಷ್ಟು ಹೇಳುವುದಕ್ಕೆ ವರ್ಷಗಟ್ಟಲೆ ಬೇಕಾಗಿತ್ತು. ಆಮೇಲೆ ಅವಳು ತನ್ನದನ್ನು ಹೇಳಿದಳು. ಒಬ್ಬಳಿಗೆ ಎಂಥ ಅಡುಗೆ ಎಂದು ಎಷ್ಟೋ ರಾತ್ರಿ ಅಡುಗೆಮನೆಯಲ್ಲಿ ನಿಂತುಕೊಂಡೇ ಮೊಸರನ್ನ ತಿಂದು ಮುಗಿಸುತ್ತಾಳಂತೆ. ಕಾಲೇಜಿಗೆ ರಜೆ ಬಂದರೆ ಹೆದರಿಕೆಯಾಗುತ್ತದಂತೆ. ಮನೆಯಲ್ಲಿ ಸದ್ದಿರಲಿ ಎಂದು ಒಬ್ಬಳೇ ಇರುವಾಗ ರೇಡಿಯೋ ಹಾಕಿಟ್ಟು, ನನ್ನ ಫೋನ್ ಬಂದ ತಕ್ಷಣ ಆರಿಸುತ್ತಾಳಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ನೀವು ಎಲ್ಲ ಬಿಟ್ಟು ಬಂದ್ಬಿಡ್ತೀರಿ ಅಂತ.”

“ನೀನು ಕೆಲ್ಸ ಬಿಟ್ಟು ಬಂದ್ಬಿಡ್ತೀಯ ಅಂತ ನಾನೂ ಸುಮ್ಮನಿದ್ದೆ.”

ಆ ಫೋನ್ ಬಹಳ ಹೊತ್ತು ನಡೆಯಿತು. ನಾನು ಬಿಟ್ಟು ಹೋಗಲಿಲ್ಲ, ಅವಳೂ ಬಿಟ್ಟು ಬರಲಿಲ್ಲ. ಕಾರಣಗಳು ಇದ್ದಲ್ಲೇ ಇದ್ದವು. ದೀಪಾವಳಿ ರಜೆಯನ್ನು ಒಂದಿಷ್ಟು ಉದ್ದ ಮಾಡಿ ಒಟ್ಟಿಗೆ ಕಳೆಯುವುದೆಂದು ಮಾತಾಯಿತು. ಈಗ ಅವಳೂ ಫೋಟೋ ಕಳಿಸುತ್ತಾಳೆ. ಕಾಲೇಜಿನ ಬಸ್ಸು, ಕೈತೋಟ, ಪಕ್ಕದ ಮನೆಯವರ ಹೊಸ ಬೆಕ್ಕು, ಎಲ್ಲವೂ ವಾಲಿಕೊಂಡು, ಎಲ್ಲದರ ಮೂಲೆಯಲ್ಲೂ ಅವಳ ನಿಜವಾದ ಹೆಬ್ಬೆರಳು. ಮರೈಕೆಯ ಜೊತೆ ಕೆಲವು ಶನಿವಾರ ಸುತ್ತುತ್ತೇನೆ. ನನ್ನಲ್ಲಿ ಗುಡ್ಡೆ ಬಿದ್ದಿದ್ದ ಜ್ಞಾನ ಈಗ ಸ್ವಲ್ಪ ಖರ್ಚಾಗುತ್ತಿದೆ, ಪಾಪ, ಅವರ ಮೇಲೆ. ಅವರು ಬರದ ಶನಿವಾರಗಳೂ ಇವೆ. ಅವು ಮೊದಲಿನಷ್ಟೇ ಉದ್ದ.

ಮೊನ್ನೆ ಸುಧಾ ಕಳಿಸಿದ ಫೋಟೋದಲ್ಲಿ ನಮ್ಮ ಮನೆಯ ನಡುಮನೆ ಇತ್ತು. ಗೋಡೆಗಳೆಲ್ಲ ಗಿಣಿಹಸಿರು. ನನ್ನನ್ನು ಒಂದು ಮಾತೂ ಕೇಳದೆ ಬಣ್ಣ ಹೊಡೆಸಿದ್ದಾಳೆ. ನಾನು ಫೋನ್ ಮಾಡಿ, ಇದೇನು ಮನೆಯೋ ಮಾವಿನಕಾಯಿ ಮಂಡಿಯೋ ಎಂದೆ. ದಿನಾ ಇದನ್ನ ನೋಡ್ಕೊಂಡು ಇರೋಳು ನಾನು, ನೀವು ಬೂದುಬಣ್ಣದ ಊರಲ್ಲಿ ಕೂತು ನನಗೆ ಹೇಳಬೇಡಿ ಎಂದಳು. ಮಾತಿಗೆ ಮಾತು ಬೆಳೆಯಿತು. ಹತ್ತು ವರ್ಷದ ಹಿಂದೆ ನಾನು ಆರಿಸಿದ ಪರದೆಗಳ ವಿಷಯ ಬಂತು, ಅವಳ ಅಣ್ಣನ ವಿಷಯ ಬಂತು. ಅವಳು ಪಟ್ಟನೆ ಫೋನ್ ಇಟ್ಟಳು. ಚೆನ್ನಾಗಿದ್ದೀರಾ ಎಂದು ಇಬ್ಬರೂ ಕೇಳಲಿಲ್ಲ. ಸಿಟ್ಟಿನಲ್ಲೇ ತಟ್ಟೆಗೆ ಅನ್ನ ಬಡಿಸಿಕೊಂಡು ಕೂತೆ. ಅರ್ಧ ಊಟವಾದ ಮೇಲೆ ಗಮನಕ್ಕೆ ಬಂತು: ಎಷ್ಟೋ ಕಾಲದ ಮೇಲೆ, ಎದುರಿಗೆ ಸುಧಾ ಮುಖ ಊದಿಸಿಕೊಂಡು ಕೂತಂತಿದ್ದ ಮನೆಯಲ್ಲಿ ನಾನು ಊಟ ಮಾಡುತ್ತಿದ್ದೆ.