ಅಪ್ಪನ ನಡ, ನನ್ನ ಎಡಗಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಹಾಗೆ ಹುಟ್ಟಿದವರಿಗೆ ಪಾಯಾಳು ಅನ್ನುತ್ತಾರೆ. ಕಲ್ಲು ಎತ್ತಿಯೋ, ನೀರು ಸೇದಿಯೋ, ದಿನವಿಡೀ ಬಗ್ಗಿ ಕಸ ತೆಗೆದೋ ನಡ ಹಿಡಿಸಿಕೊಂಡವರು ಪಾಯಾಳು ಇರುವ ಮನೆ ಹುಡುಕಿಕೊಂಡು ಬರುತ್ತಾರೆ. ಬೋರಲು ಮಲಗಿದವರ ನಡದ ಮೇಲೆ ಪಾಯಾಳು ಎಡಗಾಲಿನ ಹಿಮ್ಮಡಿಯನ್ನು ಮೂರು ಸಲ ಒತ್ತಿದರೆ ನೋವು ಬಿಡುತ್ತದೆ ಎಂದು ನಂಬಿಕೆ. ಬಿಡುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎದ್ದು ಹೋಗುವಾಗ ಮಾತ್ರ ಎಲ್ಲರೂ "ಹಗುರ ಆತವ್ವಾ" ಅಂತಲೇ ಹೋಗುತ್ತಿದ್ದರು.

ಜತ್ತ ಸೀಮೆಯ ವಳಸಂಗದ ನಮ್ಮ ಮನೆಗೆ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಅಸಂಗಿಯಿಂದ ಕುರಿ ಕಾಯುವ ಮುದುಕನೊಬ್ಬ ಎರಡು ಸಲ ನಡೆದೇ ಬಂದಿದ್ದ. ಮರಾಠಿ ಹೆಂಗಸರು ಬಾಗಿಲಲ್ಲೇ ನಿಂತು "ಬಾಯಿ, ಜರಾ ಪಾಯ ಲಾವಾ" ಎಂದು, ತುಸು ಕಾಲು ತಾಗಿಸೆಂದು, ಬೇಡುತ್ತಿದ್ದರು. ಹಿರಿಯರ ಮೈಗೆ ಕಾಲು ತಾಗಿದರೆ ನಮಸ್ಕಾರ ಮಾಡಬೇಕೆಂದು ಕಲಿಸಿದ ಮನೆಯಲ್ಲಿ, ಹಿರಿಯರೇ ಬಂದು ನನ್ನ ಕಾಲು ಕೇಳುತ್ತಿದ್ದರು. ಚಿಕ್ಕವಳಿದ್ದಾಗ ಅದು ನನಗೆ ದೊಡ್ಡ ಹೆಮ್ಮೆ.

ನನ್ನನ್ನು ಹಡೆದ ದಿನವೇ ಅವ್ವ ತೀರಿಕೊಂಡಿದ್ದಳು. ಸಾಕಿದವಳು ಅಪ್ಪನ ಅಕ್ಕ, ನನ್ನ ಸ್ವಾದರತ್ತಿ. ಅಪ್ಪ ಮತ್ತೊಂದು ಮದುವೆ ಮಾಡಿಕೊಳ್ಳಲಿಲ್ಲ. ಮಾತು ಕಡಿಮೆ. ಯಾರಾದರೂ ನಡ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರೆ ಸಾಕು, ಅಪ್ಪ ಹೆಗಲಿಗೆ ವಲ್ಲಿ ಹಾಕಿಕೊಂಡು ಹೊರಗೆ ಹೋಗಿಬಿಡುತ್ತಿದ್ದ. ಅವರು ಹೋದ ಮೇಲೆಯೇ ಬರುತ್ತಿದ್ದ.

ಹಾಗಂತ ಅಪ್ಪನಿಗೆ ನಡನೋವು ಇರಲಿಲ್ಲವೆಂದಲ್ಲ. ಊರಲ್ಲಿ ಅವನಷ್ಟು ನಡನೋವು ಉಂಡವರು ಯಾರೂ ಇರಲಿಲ್ಲ. ನಮ್ಮ ಹೊಲ ಇಳಿಜಾರಿನದು. ಮಳೆ ಬಂದರೆ ಮಣ್ಣು ಹಳ್ಳಕ್ಕೆ ಹೋಗುತ್ತಿತ್ತು. ಅದಕ್ಕೆಂದು ಪ್ರತಿ ಬೇಸಿಗೆಯಲ್ಲಿ ಅಪ್ಪ ಒಬ್ಬನೇ ಕಲ್ಲು ಕಿತ್ತು, ಹೊತ್ತು ತಂದು ಒಡ್ಡು ಹಾಕುತ್ತಿದ್ದ. ಸಂಜೆ ಮನೆಗೆ ಬಂದವನು ಹೊಸ್ತಿಲು ದಾಟಬೇಕಾದರೆ ಚೌಕಟ್ಟು ಹಿಡಿದುಕೊಳ್ಳುತ್ತಿದ್ದ. ಅತ್ತಿ ಹರಳೆಣ್ಣೆ ಸವರಿದ ಎಕ್ಕಿ ಎಲೆ ಬಿಸಿ ಮಾಡಿ ಇಡುವಳು, ಉಪ್ಪು ಹುರಿದು ಅರಿವೆಯಲ್ಲಿ ಗಂಟು ಕಟ್ಟಿ ಕಾವು ಕೊಡುವಳು. ಮಾರನೇ ದಿನ ಅಪ್ಪ ಮತ್ತೆ ಕಲ್ಲಿಗೆ ಹೋಗುತ್ತಿದ್ದ. ನನ್ನನ್ನು ಮಾತ್ರ ಒಮ್ಮೆಯೂ ಕರೆಯಲಿಲ್ಲ.

ನಾನು ಹತ್ತು ವರ್ಷದವಳಿದ್ದಾಗ ಒಂದು ಸಲ ಅಪ್ಪ ಪಡಸಾಲೆಯಲ್ಲಿ ಬೋರಲು ಮಲಗಿದ್ದ. ನಾನೇ ಹೋಗಿ ಕಾಲು ಎತ್ತಿದೆ. ಬೆರಳ ತುದಿ ತಾಗಿತ್ತೋ ಇಲ್ಲವೋ, ಮೈಮೇಲೆ ಕೆಂಡ ಬಿದ್ದವನ ಹಾಗೆ ಸರಿದ. ಬಯ್ಯಲಿಲ್ಲ. ಎದ್ದು ಹೋದ, ಅಷ್ಟೇ. ಊರಿಗೆಲ್ಲ ಬೇಕಾದ ಕಾಲು ಅಪ್ಪನಿಗೆ ಬೇಡವೆಂದು ಅವತ್ತು ತಿಳಿಯಿತು. ಯಾಕೆಂದು ಕೇಳುವ ಅಗತ್ಯ ಇರಲಿಲ್ಲ. ಈ ಕಾಲು ಮೊದಲು ಬಂದದ್ದಕ್ಕೇ ಅವ್ವ ಹೋದಳಲ್ಲ! ಆಮೇಲೆ ಅಪ್ಪನ ಎದುರಿಗೆ ಕೂತಾಗಲೆಲ್ಲ ಪಾದಗಳನ್ನು ಉಟ್ಟ ಪರಕಾರದೊಳಗೆ ಎಳೆದುಕೊಂಡು ಕೂರುವ ರೂಢಿ ಆಯಿತು.

ನನ್ನನ್ನು ಸೋನ್ಯಾಳಕ್ಕೆ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಜತ್ತ ಸಂಸ್ಥಾನ ಹೋಗಿ ಎರಡು ಮೂರು ವರ್ಷ ಆಗಿತ್ತು. ಮೊದಲ ಬಸಿರಿಗೆ ಏಳು ತಿಂಗಳು ತುಂಬಿದ ಮೇಲೆ ಹಡೆಯಲು ತವರಿಗೆ ಬಂದೆ. ಬಂದು ತಿಂಗಳೂ ಆಗಿರಲಿಲ್ಲ, ಒಂದು ಮುಂಜಾನೆ ಅಪ್ಪನನ್ನು ಹೊಲದಿಂದ ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದರು. ಒಡ್ಡಿನ ಬುಡಕ್ಕೆ ಇಡಲೆಂದು ದೊಡ್ಡ ಕಲ್ಲು ಎಬ್ಬಿಸುವಾಗ ನಡ ಹಿಡಿದುಬಿಟ್ಟಿತ್ತು. ನೆರೆಯ ಹೊಲದವರು ನೋಡುವವರೆಗೆ ಅಲ್ಲೇ ಬಿದ್ದಿದ್ದನಂತೆ.

ಮೂರು ದಿನ ಮಗ್ಗಲು ತಿರುಗಲು ಆಗಲಿಲ್ಲ. ಕೆಮ್ಮು ಬಂದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದ. ಮೂರನೇ ದಿನ ಅತ್ತಿ ತಡೆದುಕೊಳ್ಳಲಿಲ್ಲ. ನಾನು ಅಡಿಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಮನ್ಯಾಗ ಪಾಯಾಳು ಇಟಗೊಂಡು ಹಿಂಗ ಬಿದ್ದೀಯಲ್ಲೋ," ಅಂದಳು. "ಕರೀತೀನಿ, ಒಂದ ಸಲ ಕಾಲು ಮುಟ್ಟಸ್ತಾಳ."

"ಬ್ಯಾಡ."

"ಯಾಕ?"

"ಆ ಕಾಲು ಮಾತ್ರ ಬ್ಯಾಡ ಅಕ್ಕಾ. ಕೈ ಮುಗೀತೀನಿ."

ಮೊರದ ಮೇಲಿನ ಜೋಳ ಕಾಣಿಸದಷ್ಟು ಕಣ್ಣು ತುಂಬಿದವು. ಬಸಿರು ಹೆಂಗಸು ಅಳಬಾರದು ಅನ್ನುತ್ತಾರೆ. ನಾನು ಹಿತ್ತಲಿಗೆ ಹೋಗಿ ಬಣವೆಯ ಮರೆಗೆ ನಿಂತು ಅತ್ತೆ.

ಅವತ್ತೇ ಮಧ್ಯಾಹ್ನ ಅತ್ತಿ ನೀರಿಗೆ ಹೋಗಿದ್ದಳು. ಅಪ್ಪ ನನ್ನನ್ನು ಕರೆದ. ಹೋಗಿ ದೂರವೇ ಕೂತೆ, ಪಾದ ಮುಚ್ಚಿಕೊಂಡು.

"ಮುಂಜಾನಿ ಮಾತು ಕೇಳಸ್ಕೊಂಡಿ ಹೌದಿಲ್ಲ?" ಅಂದ.

ನಾನು ಹೂಂ ಅಂದೆ.

"ನಿನ್ನ ಕಾಲಿಂದ ಏನೂ ತಪ್ಪಿಲ್ಲ," ಅಂದ. ಆಮೇಲೆ ಜಂತಿಯನ್ನೇ ನೋಡುತ್ತ ಎಳೆದೆಳೆದು ಹೇಳಿದ ಮಾತು ಇಷ್ಟು: ಅವ್ವನಿಗೆ ಹೆರಿಗೆಯ ಬ್ಯಾನಿ ಶುರುವಾದಾಗ ಹಿಂಗಾರಿ ಬಿತ್ತಿಗೆಯ ಹೊತ್ತು. ಬಹಳ ದಿನ ಕಾದ ಮೇಲೆ ಮಳೆಯಾಗಿ ಹೊಲ ಹದಕ್ಕೆ ಬಂದಿತ್ತು. ಹದ ಎರಡು ದಿನ ನಿಂತರೆ ಹೆಚ್ಚು. ಸೂಲಗಿತ್ತಿ ಹೊಲಕ್ಕೆ ಆಳು ಕಳಿಸಿದಳು, ಕೂಸು ಅಡ್ಡ ಐತಿ, ಚಕ್ಕಡಿ ಕಟ್ಟಿ ಜತ್ತಿಗೆ ದವಾಖಾನೆಗೆ ಒಯ್ಯಬೇಕು ಅಂತ. ಎತ್ತುಗಳನ್ನು ಬಿತ್ತುವ ಕೂರಿಗೆಗೆ ಕಟ್ಟಿತ್ತು.

"ಇದೊಂದು ಪಟ್ಟಿ ಮುಗಿಸಿ ಬರ್ತೀನಂದೆ," ಅಂದ ಅಪ್ಪ. "ಒಂದು ಮುಗೀತು. ಹದ ಭಾಳ ಚಲೋ ಇತ್ತು. ಇನ್ನೊಂದು ಹಿಡದೆ. ಮನಿಗೆ ಬರೂದ್ರಾಗ ಹೊತ್ತು ಮುಳಗಿತ್ತು. ನಿನ್ನ ಕಾಲು ಹೊರಗ ಬಂದಿತ್ತು. ನಿಮ್ಮವ್ವ ನನ್ನ ಮಾರಿ ನೋಡಿದ್ಲು. ಏನೂ ಅನಲಿಲ್ಲ."

ನಾನು ಪಾದಗಳನ್ನು ಇನ್ನಷ್ಟು ಒಳಗೆ ಎಳೆದುಕೊಂಡೆ.

"ಆ ವರ್ಷ ಜೋಳ ಹೆಂಗ ಬಂತಂತಿ! ಊರಾಗ ಅಂಥ ಬೆಳಿ ಯಾರಿಗೂ ಬಂದಿದ್ದಿಲ್ಲ. ಆ ರೊಟ್ಟಿ ನನಗ ಗಂಟಲಾಗ ಇಳೀಲಿಲ್ಲ." ಆಮೇಲೆ ಹೇಳಿದ, "ಅಕಿ ಹಗಲೆಲ್ಲ ಬ್ಯಾನಿ ತಿಂದ್ಲು. ಆ ಬ್ಯಾನಿ ಕೊಟ್ಟ ಕಾಲಿಂದ ನಾ ಆರಾಮ ತಗೊಳ್ಳೂದಾ? ಅದ ನನಗ ಆಗೂದಿಲ್ಲ ಮಗಳ."

ನಾನು ಎದ್ದೆ. ಒಲೆಗೆ ಹೋಗಿ ಉಪ್ಪು ಹುರಿದು ಗಂಟು ಕಟ್ಟಿ ತಂದೆ. ಕಾಲು ಬೇಡವಾದರೆ ಕೈ ಇದೆಯಲ್ಲ. ಅಂಗಿ ಸರಿಸಿ ನಡಕ್ಕೆ ಕಾವು ಕೊಟ್ಟೆ. ಅಪ್ಪ ಬೇಡ ಅನ್ನಲಿಲ್ಲ. ಹಾಗೆ ಅವನ ಬೆನ್ನು ಮುಟ್ಟಿದ್ದು ಅದೇ ಮೊದಲು. ಬೆನ್ನ ಮೇಲೆ ಕಲ್ಲು ಹೊತ್ತ ಗಾಯದ ಕಲೆಗಳು ಒಂದರ ಮೇಲೊಂದು. ಉಪ್ಪು ಆರಿದ ಹಾಗೆ ಮತ್ತೆ ಹುರಿದು ತರುತ್ತಿದ್ದೆ. ಅತ್ತಿ ಕೊಡ ಇಳಿಸಿ ಬಂದು ನೋಡಿದವಳು ಒಲೆಗೆ ಇನ್ನೆರಡು ಕುಳ್ಳು ಇಟ್ಟಳು.

ದಿನಕ್ಕೆ ಮೂರು ಹೊತ್ತು ಹಾಗೆ ಮಾಡಿದೆವು. ಎರಡು ದಿನಕ್ಕೆ ಮಗ್ಗಲು ತಿರುಗಿದ. ವಾರದ ಮೇಲೆ ಗೋಡೆ ಹಿಡಿದು ಕೂತ. ಹದಿನೈದು ದಿನಕ್ಕೆ ಕೋಲೂರಿ ಅಂಗಳಕ್ಕೆ ಬಂದು ಎತ್ತಿನ ಮೈ ಸವರಿದ. ನಡ ನೆಟ್ಟಗಾಗುತ್ತಿತ್ತು. ಇನ್ನೊಂದು ತಿಂಗಳು ಭಾರ ಎತ್ತದೆ, ಚಕ್ಕಡಿ ಹತ್ತದೆ ಇದ್ದರೆ ಪೂರಾ ಆರಾಮಾಗುತ್ತದೆ ಎಂದು ಊರ ವೈದ್ಯ ಹೇಳಿ ಹೋದ.

ಅದಾಗಿ ಒಂದು ವಾರಕ್ಕೆ ಬೆಳಗಿನ ಜಾವ ನನಗೆ ಬ್ಯಾನಿ ಬಂತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಎಲ್ಲಾ ಸರಿ ಐತ್ರಿ, ಮನ್ಯಾಗ ಆಗತೈತಿ," ಅಂದಳು. ಅಷ್ಟರಲ್ಲಿ ಅಂಗಳದಲ್ಲಿ ಚಕ್ಕಡಿ ಕಟ್ಟಿದ ಸಪ್ಪಳ.

"ಜತ್ತಿಗೆ ಒಯ್ಯೂದೇ," ಅಂದ ಅಪ್ಪ.

"ಬ್ಯಾರೆ ಯಾರರ ಹೊಡೀಲೋ, ನಿನ್ನ ನಡ ಏನಾದೀತು?" ಅಂತ ಅತ್ತಿ ಅಡ್ಡ ನಿಂತಳು.

"ಆ ಕಡೆ ಸರಿ ಅಕ್ಕಾ. ಲಗೂನ ಏಳಸು ಅಕಿನ್ನ."

ಜತ್ತಿನ ದಾರಿ ಆಗ ಬರೀ ಕಲ್ಲು. ನಾನು ಹುಲ್ಲಿನ ಮೇಲೆ ಹಾಸಿದ ಕೌದಿಯಲ್ಲಿ ಅತ್ತಿಯ ತೊಡೆ ಹಿಡಿದುಕೊಂಡಿದ್ದೆ. ಗಾಲಿ ಕಲ್ಲು ಹತ್ತಿ ಇಳಿದಾಗಲೆಲ್ಲ ನಾನು ಚೀರುತ್ತಿದ್ದೆ, ಮುಂದೆ ಕೂತ ಅಪ್ಪನೂ ನರಳುತ್ತಿದ್ದ. ಎತ್ತುಗಳನ್ನು ಮಾತ್ರ ಓಡಿಸುತ್ತಲೇ ಇದ್ದ.

ದವಾಖಾನೆಯಲ್ಲಿ ಹೊತ್ತು ಏರುವ ಮೊದಲೇ ಹೆಣ್ಣು ಹುಟ್ಟಿತು. ತಲೆ ಮುಂದಾಗಿ, ಯಾವ ತೊಂದರೆಯೂ ಇಲ್ಲದೆ. "ಇಷ್ಟಕ್ಕ ಇಷ್ಟ ದೂರ ಯಾಕ ತಂದ್ರಿ?" ಅಂತ ನರ್ಸಬಾಯಿ ನಕ್ಕಳು. ಹೊರಗೆ ಅಪ್ಪ ಚಕ್ಕಡಿಯಿಂದ ಇಳಿದಿರಲಿಲ್ಲ. ಇಳಿಯಲು ಆಗಿರಲಿಲ್ಲ. ಇಬ್ಬರು ಹಿಡಿದು ಇಳಿಸಿದರು. ಕೂಸನ್ನು ಕೊಟ್ಟಾಗ ಬಗ್ಗಿದ ಬೆನ್ನಲ್ಲೇ ಅದರ ಮುಖ ನೋಡಿದ.

ಆ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ. ಉಪ್ಪಿನ ಕಾವು, ಎಣ್ಣೆ, ಮಿರಜದಿಂದ ತರಿಸಿದ ಔಷಧ, ಏನೂ ನಾಟಲಿಲ್ಲ. ಬಾಣಂತನ ಮುಗಿಸಿ ಸೋನ್ಯಾಳಕ್ಕೆ ಹೊರಟ ದಿನ ನಾನು ಧೈರ್ಯ ಮಾಡಿ ಹೇಳಿದೆ, "ಅಪ್ಪಾ, ನನಗ ನಿನ್ನ ಮ್ಯಾಲ ಸಿಟ್ಟಿಲ್ಲ."

"ಆ ಮಾತು ಅಕಿ ಅನಬೇಕಾಗಿತ್ತವ್ವಾ," ಅಂದ ಅಪ್ಪ. "ನೀ ಹೆಂಗ ಅಂತಿ?"

ನಾನು ಕೂಸನ್ನು ಎತ್ತಿಕೊಂಡು ಚಕ್ಕಡಿ ಹತ್ತಿದೆ.

ಐದಾರು ವರ್ಷ ಹಾಗೇ ಬದುಕಿದ. ಕೊನೆಯ ಚಳಿಗಾಲದಲ್ಲಿ ನಾನು ವಳಸಂಗದಲ್ಲೇ ಇದ್ದೆ. ಒಂದು ದಿನ ಬಾವಿ ತೋಡುವ ಆಳೊಬ್ಬ ನಡ ಹಿಡಿದುಕೊಂಡು ಬಂದ. ಅಪ್ಪನಿಗೆ ಎದ್ದು ಹೋಗುವ ಶಕ್ತಿ ಇರಲಿಲ್ಲ. ಮಂಚದ ಮೇಲಿಂದಲೇ ನೋಡಿದ, ನಾನು ಕಾಲು ಇಡುವುದನ್ನು, ಆ ಮನುಷ್ಯ ಎದ್ದು ಕೈಮುಗಿಯುವುದನ್ನು.

ಆಳು ಹೋದ ಮೇಲೆ ಅಪ್ಪ, "ಹಗುರ ಆತಂತೇನು?" ಎಂದು ಕೇಳಿದ.

"ಹೂಂ ಅಪ್ಪಾ. ನಿನಗೂ ಒಂದ ಸಲ..."

ತಲೆ ಅಲ್ಲಾಡಿಸಿದ. "ನನಗ ಬ್ಯಾಡ. ಈ ಬ್ಯಾನಿ ಇಷ್ಟರ ಇರಲಿ ನನ್ನ ಕೂಡ."

ಅಪ್ಪ ಬದುಕಿದ್ದು ಇನ್ನು ಎಂಟು ದಿನ. ಆ ಎಂಟು ದಿನಗಳಲ್ಲಿ ಎರಡು ಸಲ, ಅವನಿಗೆ ಮಂಪರು ಹತ್ತಿದಾಗ, ಗೊತ್ತಾಗದ ಹಾಗೆ ಕಾಲು ಇಟ್ಟುಬಿಡೋಣವೆಂದು ಮಂಚದ ತನಕ ಹೋದೆ. ಎರಡು ಸಲವೂ ತಿರುಗಿ ಬಂದೆ. ಇಟ್ಟಿದ್ದರೆ ಗುಣವಾಗುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೂ ನನ್ನ ಮನಸ್ಸು ಇವತ್ತಿಗೂ ಆ ಮಂಚದ ಹತ್ತಿರ ಹೋಗಿ ನಿಲ್ಲುತ್ತದೆ, ಕಾಲು ಇಡಲೋ ಬೇಡವೋ ಎಂದು.