ಪ್ರಶ್ನಾರ್ಥಕ ಚಿಹ್ನೆಯ ಮುತ್ತಜ್ಜಿ

ಆಫೀಸಿನ ಕೆಲಸಕ್ಕೆ ಶಹಾಬಾದಕ್ಕೆ ಹೋದವನು ಸೋದರತ್ತೆಯ ಮನೆಯಲ್ಲಿ, ತಣ್ಣನೆಯ ಫರಸಿಕಲ್ಲಿನ ನೆಲದ ಮೇಲೆ ಊಟಕ್ಕೆ ಕೂತಿದ್ದೆ. ರೊಟ್ಟಿ ಬರುವುದರೊಳಗೆ ಮೊಬೈಲಿನಲ್ಲಿ ನಮ್ಮ ವಂಶವೃಕ್ಷ ತುಂಬುತ್ತಿದ್ದೆ. ಅಜ್ಜನ ತಾಯಿಯ ಹೆಸರು ಯಾವ ಕಾಗದದಲ್ಲೂ ಸಿಕ್ಕಿರಲಿಲ್ಲ. ‘ಖಚಿತವಿಲ್ಲ’ ಅಂತ ಒತ್ತಿದೆ. ಆ್ಯಪ್ ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಕೂರಿಸಿತು.

ಅತ್ತೆ ಇಣುಕಿ ನೋಡಿ ರೇಗಿದಳು. “ನಮ್ಮಜ್ಜಿ ಹೆಸರು ನಿಂಗಮ್ಮ. ಇಲ್ಲಂದ್ರ ನನಗ್ಯಾಕ ನಿಂಗಮ್ಮ ಅಂತ ಹೆಸರಿಡ್ತಿದ್ರು? ತಗಿ ಅದನ್ನ!”

ತೆಗೆದು ಹೆಸರು ಬರೆದೆ. ಕೂಡಲೇ ಆ್ಯಪ್ ಕೇಳಿತು: ‘ನಿಂಗಮ್ಮ ಎರಡು ಕಡೆ ಇದ್ದಾರೆ. ಇಬ್ಬರೂ ಒಬ್ಬರೇನಾ?’

ನಗುತ್ತಾ ಓದಿ ಹೇಳಿದೆ. ಅತ್ತೆ ನಗಲಿಲ್ಲ.

“ಹೌದು ಅಂತ ಒತ್ತು. ನಮ್ಮಪ್ಪ ನನಗ ಎಂದೂ ಹೆಸರು ಹಿಡಿದು ಕರೀಲಿಲ್ಲ, ‘ಯವ್ವಾ’ ಅಂತಿದ್ದ. ಬೈದ್ರ ಅವ್ವಗ ಬೈದಂಗ ಅಂತ ಒಂದಿನಾನೂ ಬೈಲಿಲ್ಲ. ನಿಮ್ಮಪ್ಪಗ ಮಾತ್ರ ಭಾಳ ಬಡದಾನ!”

ಒತ್ತಿಬಿಟ್ಟೆ. ಈಗ ನಮ್ಮ ವಂಶವೃಕ್ಷದಲ್ಲಿ ಅಜ್ಜ ತನ್ನ ಮಗಳಿಗೇ ಮಗ. ತೆರೆದಾಗಲೆಲ್ಲ ಆ್ಯಪ್ ಕೆಂಪು ಅಕ್ಷರದಲ್ಲಿ ‘ತಪ್ಪಿದೆ, ಸರಿಪಡಿಸಿ’ ಅನ್ನುತ್ತದೆ. ಮನೆಮಂದಿಗೆಲ್ಲ ತೋರಿಸಿದೆ. ಒಬ್ಬರಿಗೂ ತಪ್ಪು ಕಾಣಲಿಲ್ಲ.